ರೊಟ್ಟಿ ಬಡಿಯುವ ಕೈ

ರಂಗಂಪೇಟೆಯ ಮಲ್ಲೇಶ್ವರಿಗೆ ಮನೋರೋಗದ ಗುಳಿಗೆ ಮತ್ತೆ ಶುರುವಾದ ಮೇಲೆ ಕಿವಿಯೊಳಗಿನ ದನಿಗಳು ಅಡಗಿದವು. ಆದರೆ ಕೈ ಬಿಗಿದುಕೊಂಡು, ಬಡಿದ ರೊಟ್ಟಿಯೆಲ್ಲ ಹರಿಯತೊಡಗಿತು.

"ಬಿಟ್ಟು ಒಗಿ ಅತ್ಲಾಗ ಆ ಗುಳಿಗಿ! ಕೈ ಕಟ್ಟಿಗಿ ಆಗ್ಯಾವ," ಎಂದಳು ಅತ್ತೆ ಹಂಪಮ್ಮ.

ಹೋದ ಸಲ ಹೀಗೆಯೇ ಬಿಟ್ಟಾಗ ಮಲ್ಲೇಶ್ವರಿ, ಹೆತ್ತ ಮಗಳನ್ನೇ ಯಾರದೋ ಕೂಸೆಂದು ದೂಡಿದ್ದಳು. ನುಂಗಿದರೆ ಕೈ ಹೋಗುತ್ತದೆ, ಬಿಟ್ಟರೆ ಕೂಸು.

ಅವತ್ತಿನ ಗುಳಿಗೆ ನುಂಗಿಯೇ ಶಹಾಪುರದ ಬಸ್ಸು ಹತ್ತಿ, ಡಾಕ್ಟರ ಮುಂದೆ ಕೈ ಚಾಚಿದಳು.

"ಇದು ಗುಳಿಗಿದೇ ಪರಿಣಾಮ್ರಿ. ನೀವಾಗೇ ಬಿಡಬ್ಯಾಡ್ರಿ, ನಾ ಪ್ರಮಾಣ ಕಡಿಮಿ ಮಾಡ್ತೀನಿ. ಸಡಿಲಾಗಾಕ ದಿನ ಹಿಡಿತಾವ. ದನಿ ಮತ್ತ ಕೇಳಿದ್ರ ತಡಾ ಮಾಡದ ಬರ್ರಿ."

ಮರುದಿನವೂ ರೊಟ್ಟಿ ಹರಿಯಿತು.

"ಆ ಡಾಕ್ಟರ್‌ಗ ಒಂದ್ ರೊಟ್ಟಿ ಬಡದು ತೋರ್ಸು ಅನ್ನು," ಎಂದಳು ಹಂಪಮ್ಮ.

ಮಲ್ಲೇಶ್ವರಿ ಸೆರಗು ಜಗ್ಗುತ್ತಿದ್ದ ಮಗಳ ಮುಖ ನೋಡಿ, ಗುರುತು ಖಾತ್ರಿ ಮಾಡಿಕೊಂಡು, ಹರಿದ ಅಂಚನ್ನು ಒದ್ದೆ ಬೆರಳಿಂದ ಕೂಡಿಸತೊಡಗಿದಳು.