ಕೇಳದೆ ಬಂದ ಕಾರ್ಡು

ಶಿರಸಿಯ ಬಸ್ ನಿಲ್ದಾಣದ ಹೊರಗೆ ಮೊನ್ನೆ ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಮೇಜು ಹಾಕಿಕೊಂಡ ಇಬ್ಬರು ಕ್ರೆಡಿಟ್ ಕಾರ್ಡಿನ ಜೊತೆ ಬ್ಯಾಗು ಹಂಚುತ್ತಿದ್ದರು. ನನಗೆ ಹೊಲಿಗೆ ಕಲಿಸಿದ ಟೀಚರ್ ನೆನಪಾದರು...

ನಮ್ಮ ಬೀದಿಯಲ್ಲೇ ಅವರ ಮನೆ. ಮುಂದಿನ ಕೋಣೆ ತುಂಬ ಮಶೀನು, ಮಧ್ಯಾಹ್ನವಿಡೀ ಹೆಣ್ಣುಮಕ್ಕಳ ಮಾತು. ತೋಳು ಜೋಡಿಸುವಾಗ ತಪ್ಪಿದರೆ ಬಯ್ಯುತ್ತಿರಲಿಲ್ಲ. "ಬಿಚ್ಚು, ಬಟ್ಟೆಗೇನೂ ಸಿಟ್ಟಿಲ್ಲ" ಎನ್ನುತ್ತಿದ್ದರು.

ಒಂದು ದಿನ ಅವರೂ ಇಂಥದ್ದೇ ಮೇಜಿನಿಂದ ಬ್ಯಾಗು ತಂದರು. ಬ್ಯಾಗು ತೆಗೆದುಕೊಂಡದ್ದಕ್ಕೆ ಒಂದು ಸಹಿ ಅಷ್ಟೇ ಎಂದು ಮೇಜಿನವರು ಹೇಳಿದ್ದರಂತೆ. ಪರಿಚಯದವರ ನಂಬರ್ ಕೇಳಿದಾಗ ಟೀಚರ್ ನನ್ನ ಅಮ್ಮನದನ್ನೇ ಕೊಟ್ಟಿದ್ದರು. ಸ್ವಲ್ಪ ದಿನಕ್ಕೆ ಅವರ ಹೆಸರಿನ ಕಾರ್ಡು ಬಂತು. "ನಾನು ಕೇಳೇ ಇಲ್ವಲ್ಲ!" ಎಂದು ನಕ್ಕು, ಬಟ್ಟೆಯ ಕತ್ತರಿಯಿಂದಲೇ ಅದನ್ನು ತುಂಡರಿಸಿದರು.

ಆಮೇಲೆ ಕಾರ್ಡಿನ ವಾರ್ಷಿಕ ಶುಲ್ಕಕ್ಕೆ ಬ್ಯಾಂಕಿನಿಂದ ಫೋನು ಶುರುವಾಯಿತು. ಟೀಚರ್ ಕಟ್ಟುವುದಿಲ್ಲ ಎಂದರು. ಶುಲ್ಕಕ್ಕೆ ದಂಡ, ದಂಡಕ್ಕೆ ಬಡ್ಡಿ... ಫೋನಿನ ದನಿಗಳು ಒರಟಾಗುತ್ತ ಹೋದವು. ಪಾಠದ ನಡುವೆ ಅದು ರಿಂಗಾದರೆ ನಾವೆಲ್ಲ ಮಶೀನು ನಿಲ್ಲಿಸಿಬಿಡುತ್ತಿದ್ದೆವು.

ಒಂದು ಸಂಜೆ ನಮ್ಮ ಮನೆಗೇ ಫೋನು. "ನಿಮ್ಮ ಟೀಚರ್ ಸಾಲ ಮಾಡಿ ತಪ್ಪಿಸ್ಕೊಂಡಾರ. ನಿಮ್ಮ ನಂಬರ್ ಕೊಟ್ಟಾರ. ಮನೀಗೆ ಜನ ಬರ್ತಾರ, ನೋಡ್ರಿ."

ಅಮ್ಮ ಹೋಗಿ ಬಾಗಿಲಿಗೆ ಅಗಳಿ ಹಾಕಿ ಬಂದಳು. "ಎಂತೂ ಇಲ್ದೆ ಹಿಂಗೆ ಫೋನ್ ಬತ್ತಾ? ನೀ ಅಲ್ಲಿಗೆ ಹೋಪದು ಬ್ಯಾಡ."

ನಾನು ಹೋದೆ. ಆದರೆ ಮಾತು ಬೀದಿ ದಾಟಿತ್ತು. ಉಳಿದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಟೀಚರ್ ಬ್ಯಾಂಕಿನ ಮೇಲೆ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಟ್ಟರು. ಒಪ್ಪಿಗೆಯಿಲ್ಲದೆ ಕಾರ್ಡು ಕೊಡಬಾರದು, ಬೇರೆಯವರಿಗೆ ಫೋನು ಮಾಡಿ ಮಾನ ಕಳೆಯಬಾರದು ಎಂದು ನಿಯಮವಿತ್ತು. ತೀರ್ಪು ಅವರ ಕಡೆಗೇ ಆಯಿತು. ಶುಲ್ಕ ರದ್ದಾಯಿತು, ಪರಿಹಾರವೂ ಬಂತು. ಆದರೆ ಅಂದು ಹೇಳಿದ್ದು ಸುಳ್ಳು ಎಂದು ತಿಳಿಸಲು ನಮ್ಮ ಮನೆಗೆ ಯಾರೂ ಮತ್ತೆ ಫೋನು ಮಾಡಲಿಲ್ಲ.

"ಗೆದ್ದೆ ನೋಡು" ಎಂದು ಖಾಲಿ ಕೋಣೆಯಲ್ಲಿ ನನ್ನೊಬ್ಬಳಿಗೇ ಹೇಳಿದರು. ಅಷ್ಟರಲ್ಲಿ ಫೋನು ರಿಂಗಾಯಿತು. ಯಾರದೆಂದು ನೋಡಲೂ ಇಲ್ಲ, ಅದರ ಮೇಲೆ ದಿಂಬು ಇಟ್ಟರು.

ಮಶೀನು ಮಾರಿ ಯಲ್ಲಾಪುರದ ಅಕ್ಕನ ಮನೆ ಸೇರಿದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದೇ ತಡವಾಗಿ...

ಈಚೆಗೆ ಒಂದು ಮದುವೆಮನೆಯಲ್ಲಿ ನಮ್ಮ ಬೀದಿಯ ಹಳಬರೊಬ್ಬರು ದನಿ ತಗ್ಗಿಸಿ ಕೇಳಿದರು: "ಸಾಲ ಮಾಡಿ ಓಡಿಹೋದ್ರಲ್ಲ ಆ ಟೀಚರ್, ಈಗ ಎಲ್ಲಿದ್ದಾರಂತೆ?"

"ಅವರು ಸಾಲ ಮಾಡಿರಲಿಲ್ಲ. ತೀರಿಕೊಂಡ್ರು" ಎಂದೆ.

"ಅಯ್ಯೋ ಪಾಪ" ಎಂದರು. ಮತ್ತೆ ನನ್ನತ್ತ ಬಾಗಿದರು. "ಹಾಗಾದ್ರೆ ಆ ಸಾಲ ಯಾರು ತೀರಿಸಿದ್ರು?"