ಹದಿಮೂರು ವೋಲ್ಟಿನ ಹಟ

ಬೀಗ ಹಾಕಿದ ಬೀರುವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಡವೆಯ ಬೀರು, ಬಟ್ಟೆಯ ಬೀರುಗಳ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಮನೆಯ ಬೀರುವಿಗೆ ಬೀಗವೇ ಇಲ್ಲವೆಂದು ನಾನು ಬೀಗುವುದೂ ಇಲ್ಲ, ಏಕೆಂದರೆ ಕದಿಯಲು ಬಂದವನು ಒಳಗೆ ನೋಡಿ ಮರುಕಪಟ್ಟು ತಾನೇ ಏನಾದರೂ ಇಟ್ಟು ಹೋಗಬೇಕಾದಂಥ ಸ್ಥಿತಿ ಅದರದು. ನನ್ನ ಕೋಪವೆಲ್ಲ, ಕಲಿಯಲೆಂದು ತಂದ ವಸ್ತುವನ್ನು ಕಲಿಯುವವರಿಂದಲೇ ಕಾಪಾಡುವ ಬೀರುಗಳ ಮೇಲೆ. ಅಂಥದೊಂದು ಬೀರುವಿನೊಡನೆ ನಾನು ಜಗಳವಾಡಿದ ಕತೆ ಇದು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಡಿಪ್ಲೊಮಾ ಮುಗಿಸಿದ ನಾನು ಚಳ್ಳಕೆರೆಯ ಒಂದು ಖಾಸಗಿ ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಲು ಸೇರಿದ್ದೆ. ಅವ್ವ ಎಣ್ಣೆಮಿಲ್ಲಿನಲ್ಲಿ ಕಡ್ಲೆಬೀಜ ಆರಿಸುವ ಕೆಲಸದವಳು. ಅವಳ ಮಗಳನ್ನು ಇಪ್ಪತ್ತು ಮಕ್ಕಳು ಎದ್ದು ನಿಂತು 'ಮೇಡಂ' ಎನ್ನುವಾಗ ಮೊದಲ ಒಂದು ವಾರ ನಾನೇ ಹಿಂದೆ ತಿರುಗಿ ಯಾರು ಬಂದರೆಂದು ನೋಡುತ್ತಿದ್ದೆ. ಪಠ್ಯದಲ್ಲಿ ಮೈಕ್ರೋಕಂಟ್ರೋಲರ್ ಎಂಬ ಒಂದು ಅಧ್ಯಾಯವಿತ್ತು. ಹದಿನೆಂಟು ಕಾಲಿನ ಕರಿಹುಳದಂಥ ಚಿಪ್ಪು ಅದು. ನಾವು ಕಂಪ್ಯೂಟರಿನಲ್ಲಿ ಬರೆದ ಆದೇಶಗಳನ್ನು ಅದರ ತಲೆಗೆ ತುಂಬಿಸಿಬಿಟ್ಟರೆ, ಆಮೇಲೆ ಕಂಪ್ಯೂಟರಿನ ಹಂಗಿಲ್ಲದೆ ದೀಪ ಮಿನುಗಿಸುತ್ತದೆ, ಮೋಟಾರು ತಿರುಗಿಸುತ್ತದೆ. ಹಾಗೆ ತುಂಬಿಸುವ ಪೆಟ್ಟಿಗೆಗೆ ಪ್ರೋಗ್ರಾಮರ್ ಎಂದು ಹೆಸರು. ನಮ್ಮ ಶಾಲೆಯಲ್ಲಿ ಅಂಥದೊಂದಿತ್ತು, ಬೀರುವಿನೊಳಗೆ. ಬೀಗದ ಕೈ ಹಿರಿಯ ಅಧ್ಯಾಪಕರಾದ ನಾಗರಾಜಪ್ಪ ಸಾರ್ ಅವರ ಸೊಂಟದ ಉಡಿದಾರದಲ್ಲಿತ್ತು. ನಮ್ಮೂರಲ್ಲಿ ವಿದ್ಯುತ್ತಾದರೂ ಆಗಾಗ ಬಂದು ಹೋಗುತ್ತಿತ್ತು. ವಿದ್ವತ್ತು ಮಾತ್ರ ಬೀರು ಬಿಟ್ಟು ಹೊರಬರುತ್ತಲೇ ಇರಲಿಲ್ಲ.

"ಸಾರ್, ಮಕ್ಕಳಿಗೆ ಒಂದ್ಸಲ ತೋರಿಸೋಣ" ಎಂದು ಕೇಳಿದೆ.

"ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸ್ರಿ. ಕೆಟ್ಟೋದ್ರೆ ಯಾರು ಜವಾಬು ಕೊಡೋರು?" ಎಂದರು.

ಮೂರು ಸಲ ಕೇಳಿದೆ, ಮೂರು ಸಲವೂ ಚಿತ್ರವೇ ದೊರೆಯಿತು. ನಾಲ್ಕನೆಯ ಸಲ ಕೇಳುವ ಬದಲು, "ಹಾಗಾದ್ರೆ ನಾನೇ ಒಂದು ಕಟ್ತೀನಿ ಸಾರ್" ಎಂದುಬಿಟ್ಟೆ. ಬಾಯಿ ಆಡಿದ ಮೇಲೆ ತಲೆಗೆ ಗೊತ್ತಾಗುವುದು ನನ್ನ ಹುಟ್ಟುಗುಣ. ಸಾರ್ ನಕ್ಕರು. ಆ ನಗೆ ನನ್ನನ್ನು ಮುಂದಿನ ಎರಡು ತಿಂಗಳು ನಡೆಸಿತು.

ನಕ್ಷೆಯನ್ನು ಒಂದು ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಯಿಂದ ಕಾಪಿ ಮಾಡಿಕೊಂಡೆ. ಬಿಡಿಭಾಗಗಳನ್ನು ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ತರಿಸಿದೆ. ಚಿಪ್ಪುಗಳು ಎರಡೇ ಸಿಕ್ಕವು. ತಾಮ್ರದ ಹಲಗೆಯ ಮೇಲೆ ದಾರಿಗಳನ್ನು ಬರೆಯಲು ಬೇಕಾದ ಬಣ್ಣಕ್ಕೆ, ಯಾವುದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದು ಒಮ್ಮೆಯೂ ನನ್ನ ಉಗುರು ಕಾಣದಿದ್ದ ಉಗುರುಬಣ್ಣದ ಸೀಸೆ ಒದಗಿತು. ಬಣ್ಣ ಬಳಿಯದ ಕಡೆಯ ತಾಮ್ರವನ್ನೆಲ್ಲ ಕರಗಿಸುವ ದ್ರಾವಣವನ್ನು ಮಾತ್ರ ವಿವೇಚನೆಯಿಲ್ಲದೆ ಅವ್ವನ ಸ್ಟೀಲಿನ ತಟ್ಟೆಗೆ ಸುರಿದೆ. ಅರ್ಧ ಗಂಟೆಯಲ್ಲಿ ತಾಮ್ರವೂ ಕರಗಿತು, ತಟ್ಟೆಯ ತಳಕ್ಕೂ ಸಿಡುಬು ಎದ್ದಿತು.

"ಏನೇ ಇದು, ನನ್ನ ಉಣ್ಣೋ ತಟ್ಟೇಲಿ ಯಾವ ಕಷಾಯ ಕಾಸಿದ್ದೀಯಾ?" ಎಂದಳು ಅವ್ವ.

"ಸಾಲೀಗೆ ಕಣವ್ವ. ವಿದ್ಯೆ."

"ವಿದ್ಯೆಗೆ ತಟ್ಟೆ ತೂತಾಗ್ತೈತೆ ಅಂತ ಇವತ್ತೇ ಗೊತ್ತಾಗಿದ್ದು" ಎಂದು ಅದನ್ನು ಹೊರಗೆ ಕೋಳಿಗಳ ನೀರಿಗೂ ಬೇಡವೆಂದು ಎಸೆದಳು.

ಕಟ್ಟುವುದಕ್ಕಿಂತ ಕಷ್ಟದ್ದು ಅದನ್ನು ಹದಕ್ಕೆ ತರುವುದು. ಈ ಚಿಪ್ಪಿನ ಸ್ವಭಾವ ವಿಚಿತ್ರ. ದಿನನಿತ್ಯದ ಬದುಕಿಗೆ ಅದಕ್ಕೆ ಐದು ವೋಲ್ಟು ಸಾಕು. ಆದರೆ ಹೊಸದೇನನ್ನಾದರೂ ಕಲಿಯಬೇಕೆಂದರೆ ಅದರ ಒಂದು ಕಾಲಿಗೆ ಹದಿಮೂರು ವೋಲ್ಟು ತಾಕಬೇಕು. ಹೆಚ್ಚಾದರೆ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಕಿವಿಗೊಡುವುದಿಲ್ಲ. ಆ ವೋಲ್ಟನ್ನು ಹೊಂದಿಸಲು ಹಲಗೆಯ ಮೇಲೆ ಒಂದು ಪುಟ್ಟ ತಿರುಪು ಇರುತ್ತದೆ. ನಾನು ಉಸಿರು ಬಿಗಿಹಿಡಿದು ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ, ನನ್ನ ಅಂಗೈಯಗಲದ ಮೀಟರಿನಲ್ಲಿ ಹದಿಮೂರು ಎಂಬ ಅಂಕಿ ಮೂಡಿದಾಗ ಜಗತ್ತನ್ನೇ ಅಳೆದವಳಂತೆ ಎದ್ದು ನಿಂತೆ.

ಮಾರನೆಯ ದಿನ ತರಗತಿಯಲ್ಲಿ ಎಲ್ಲರೆದುರು ಕಂಪ್ಯೂಟರಿಗೆ ಜೋಡಿಸಿದೆ. ನಾಗರಾಜಪ್ಪ ಸಾರ್ ಬಾಗಿಲಲ್ಲಿ ನಿಂತಿದ್ದರು. ಗುಂಡಿ ಒತ್ತಿದೆ, ಬರೆದದ್ದು ತಾಳೆಯಾಗುತ್ತಿಲ್ಲ ಎಂದು ಪರದೆ ಹೇಳಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಚಿಪ್ಪು ಬದಲಿಸಿದೆ, ಎರಡನೆಯದೂ ಮೊದಲನೆಯದರ ಹಾದಿಯನ್ನೇ ಹಿಡಿಯಿತು.

"ಸತ್ತೋಗ್ಯಾವೆ ಬಿಡ್ರಿ. ಇದು ಕಡ್ಲೆಬೀಜ ಆರಿಸಿದಷ್ಟು ಸಲೀಸಲ್ಲ" ಎಂದರು ಸಾರ್.

ನಮ್ಮವ್ವ ಏನು ಕೆಲಸ ಮಾಡುತ್ತಾಳೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರು ಜನ ಮಕ್ಕಳು ತಲೆ ತಗ್ಗಿಸಿದರು. ಅವರ ತಾಯಂದಿರೂ ಅದೇ ಮಿಲ್ಲಿನವರು. ನಾನು ತಲೆ ತಗ್ಗಿಸಲಿಲ್ಲ, ಆದರೆ ತಗ್ಗಿಸದೆ ಇರಲು ಕತ್ತು ಎಷ್ಟು ನೋಯುತ್ತದೆಂದು ಅಂದು ತಿಳಿಯಿತು.

ಮನೆಗೆ ಬಂದು ಅವ್ವನಿಗೆ ಹೇಳಬಾರದೆಂದುಕೊಂಡೇ ಹೇಳಿದೆ. ಅಳುತ್ತಾಳೇನೋ ಎಂದು ಅಂಜಿದ್ದೆ. ಅವಳು ಮೊರ ಕೆಳಗಿಟ್ಟು, ಒರಟು ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು.

"ಈ ಕೈಯಾಗೆ ಒಂದು ಹುಳುಕು ಬೀಜ ತಪ್ಪಿಸ್ಕೊಂಡು ಹೋಗಲ್ಲ ಅಂತ ಹೇಳು ಅವನಿಗೆ. ನೀನೇನು ಮಾಡಿದ್ದೀಯಾ? ಯಾವುದು ಹುಳುಕು ಅಂತ ನೋಡ್ದಂಗೆ ಎರಡನ್ನೂ ಸತ್ತೋಗೈತೆ ಅಂತ ಬಿಟ್ಟು ಬಂದಿದ್ದೀಯಾ. ಹೋಗು, ಒಂದೊಂದೇ ಆರಿಸು."

ಅಪಮಾನದ ತಲೆಯ ಮೇಲಿನ ಅಕಾರ ತೆಗೆದು ಉಳಿದ ಅಕ್ಷರಗಳನ್ನು ಅದಲುಬದಲು ಮಾಡಿದರೆ ಮಾಪನವಾಗುತ್ತದೆ ಎಂಬುದು ಆಮೇಲೆ ಹೊಳೆದ ಚಮತ್ಕಾರ; ಅಂದು ನನಗಿದ್ದುದು ಬರೀ ರೋಷ. ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ, ತಂತಿಗಳನ್ನು ಬದಲಿಸಿದೆ. ಎಲ್ಲವೂ ಸರಿಯಿತ್ತು. ಎಲ್ಲವೂ ಸರಿಯಿದೆಯೆಂದು ಹೇಳುತ್ತಿದ್ದುದು ಮಾತ್ರ ಅದೇ ಮೀಟರು. ಅದನ್ನೂ ಆರಿಸಬೇಕಲ್ಲ ಎಂದು ಆಗ ತೋಚಿತು.

ಮೊಳಕಾಲ್ಮೂರಿನಲ್ಲಿ ಓಬಳೇಶಪ್ಪ ಎಂಬ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ, ಅವರ ಬಳಿ ಒಳ್ಳೆಯ ಮೀಟರಿದೆ ಎಂದು ರೇಡಿಯೋ ರಿಪೇರಿಯವನೊಬ್ಬ ಹೇಳಿದ್ದ. ಭಾನುವಾರ ಬೆಳಿಗ್ಗೆ ಪ್ರೋಗ್ರಾಮರನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ಮೆಲ್ಲಗೆ ಟವೆಲ್ಲಿನ ತುದಿ ಸರಿಸಿ ನೋಡಿ, ತಂತಿಗಳನ್ನು ಕಂಡು ಬೇರೆ ಸೀಟಿಗೆ ಹೋದಳು. ಬಯಲು ಮುಗಿದು ಬಂಡೆಗುಡ್ಡಗಳು ಎದುರಾಗುವ ಹೊತ್ತಿಗೆ ನನ್ನೊಳಗೆ ನಾಗರಾಜಪ್ಪ ಸಾರ್ ವಿರುದ್ಧ ಒಂದು ದೀರ್ಘ ಭಾಷಣ ಸಿದ್ಧವಾಗಿತ್ತು, ವಿರಾಮಚಿಹ್ನೆಗಳ ಸಮೇತ.

ಓಬಳೇಶಪ್ಪನವರ ಬೀದಿಯ ಎರಡೂ ಬದಿಗೆ ಮಗ್ಗಗಳ ಸದ್ದು. ಅವರ ಮನೆಯಾಕೆ "ರಾ ತಲ್ಲೀ, ಕೂರ್ಚೋ" ಎಂದು ತೆಲುಗಿನಲ್ಲೇ ಕರೆದು ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಓಬಳೇಶಪ್ಪ ಮರದ ಪೆಟ್ಟಿಗೆಯಿಂದ ಮುಳ್ಳಿನ ಮೀಟರೊಂದನ್ನು ತೆಗೆದರು. ಮುಳ್ಳಿನ ಕೆಳಗೆ ಸಣ್ಣ ಕನ್ನಡಿಯ ಪಟ್ಟಿ. ನಾನು ಆತುರದಿಂದ ತಂತಿ ಚಾಚಿದರೆ ಅವರು ಕೈ ಅಡ್ಡ ಹಿಡಿದರು.

"ತಡಿಯಮ್ಮ. ಮೊದಲು ನನ್ನದು ಸಾಚಾನೋ ಅಂತ ನೋಡಾನ."

ಅಂಗಡಿಯಿಂದ ತರಿಸಿದ, ತಲಾ ಒಂದೂವರೆ ವೋಲ್ಟಿನ ಹೊಸ ಸೆಲ್ಲುಗಳನ್ನು ಒಂದೊಂದಾಗಿ ಅಳೆದರು, ಆಮೇಲೆ ಎಲ್ಲವನ್ನೂ ಸಾಲಾಗಿ ಜೋಡಿಸಿ ಅಳೆದರು. ಮುಳ್ಳು ಇರಬೇಕಾದಲ್ಲಿ ನಿಂತ ಮೇಲಷ್ಟೇ ಅವರು ನನ್ನ ಪೆಟ್ಟಿಗೆಯನ್ನು ಮುಟ್ಟಿದ್ದು. ನನ್ನ ಮೀಟರು ಹದಿಮೂರು ಎಂದಿತು. ಅವರದು ಹನ್ನೊಂದರ ಆಚೆ ಹೋಗಲೇ ಇಲ್ಲ.

ಓಬಳೇಶಪ್ಪ ನನ್ನ ಮೀಟರನ್ನು ಕನ್ನಡಕದ ಹತ್ತಿರ ಹಿಡಿದು, "ಇದರ ಹೊಟ್ಟೆಗೆ ಯಾವಾಗ ಬ್ಯಾಟರಿ ಹಾಕಿದ್ದೆ?" ಎಂದರು.

"ತಗೊಂಡಾಗಿನಿಂದ ಅದೇ ಐತ್ರಿ."

"ಮೂಲೇಲಿ ಗುರುತು ತೋರಿಸ್ತೈತಲ್ಲ, ನೋಡಿಲ್ಲೇನು?"

ನೋಡಿದ್ದೆ. ಅಂಕಿಯ ಪಕ್ಕದಲ್ಲಿ ತಿಂಗಳುಗಳಿಂದ ಮೂಡುತ್ತಿದ್ದ ಆ ಪುಟ್ಟ ಬ್ಯಾಟರಿಯ ಚಿತ್ರವನ್ನು ಮೀಟರಿನ ಅಲಂಕಾರವೆಂದು ಭಾವಿಸಿದ್ದೆ! ತನ್ನ ಬ್ಯಾಟರಿ ಸೊರಗಿದಷ್ಟೂ ಈ ಜಾತಿಯ ಮೀಟರು ಉಳಿದವರನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತದಂತೆ. ಎಲೆಕ್ಟ್ರಾನಿಕ್ಸ್ ಕಲಿಸುವ ಮೇಡಮ್ಮಿನ ಕಿವಿ ಬಿಸಿಯಾಯಿತು.

"ಚಿಪ್ಪು ಸತ್ತಿಲ್ಲಮ್ಮ" ಎಂದರು ಅವರು. "ನೀನು ಪಿಸುಗುಟ್ಟಿದ್ದೀಯಾ, ಅದಕ್ಕೆ ಕೇಳಿಸಿಲ್ಲ ಅಷ್ಟೆ. ಈಗ ಜೋರಾಗಿ ಹೇಳು."

ನಾನು ತಿರುಪು ತಿರುಗಿಸಿದೆ, ಅವರು ಒಂದು ಕಣ್ಣು ಮುಚ್ಚಿ, ಮುಳ್ಳು ಮತ್ತು ಅದರ ಪ್ರತಿಬಿಂಬ ಒಂದಾಗುವಂತೆ ಬಾಗಿ ನೋಡುತ್ತ "ಇನ್ನಷ್ಟು, ಇನ್ನಷ್ಟು, ಸಾಕು" ಎಂದರು. ತಿರುಪು ಅಲುಗದಂತೆ, ಚೀಲದಲ್ಲಿ ತಂದಿದ್ದ ಸೀಸೆಯಿಂದ ಅದರ ಮೇಲೆ ಒಂದು ಹನಿ ಉಗುರುಬಣ್ಣ ಬಿಟ್ಟೆ. ಮರಳುವಾಗ ನನಗೆ ಮತ್ತೆ ಮತ್ತೆ ಅನ್ನಿಸಿದ್ದಿಷ್ಟು: ಇವನಿಗೆ ಬರುವುದಿಲ್ಲ, ಇವಳಿಂದ ಆಗುವುದಿಲ್ಲ ಎಂದು ಜನರ ಹಣೆಯ ಮೇಲೆ ಅಂಕಿ ಬರೆಯುವವರು ತಮ್ಮ ಮೀಟರನ್ನು ಕೊನೆಯ ಸಲ ಯಾವ ಸೆಲ್ಲಿಗೆ ಹಿಡಿದು ನೋಡಿದ್ದರು?

ಸೋಮವಾರ ಅದೇ ಕೋಣೆ, ಅದೇ ಮಕ್ಕಳು, 'ಸತ್ತ' ಚಿಪ್ಪುಗಳು. ನಾನೇ ಹೋಗಿ ಸಾರ್ ಅವರನ್ನು ಕರೆತಂದೆ. ಗುಂಡಿ ಒತ್ತಿದೆ. ತಾಳೆಯಾಯಿತು ಎಂದಿತು ಪರದೆ. ಚಿಪ್ಪನ್ನು ಕಿತ್ತು ಬೇರೆ ಹಲಗೆಗೆ ಸಿಕ್ಕಿಸಿದಾಗ ಪುಟ್ಟ ಕೆಂಪು ದೀಪ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸತೊಡಗಿತು. ಮಕ್ಕಳು ಬೆಂಚು ಬಡಿದರು.

"ಅದೃಷ್ಟ" ಎಂದರು ಸಾರ್. "ಇನ್ನೊಂದ್ಸಲ ಮಾಡ್ರಿ ನೋಡಾನ."

ಎರಡನೆಯ ಚಿಪ್ಪಿಗೂ ಮಾಡಿದೆ. ಅದೂ ಮಿಟುಕಿಸಿತು.

"ಈಗ ನೀವೇ ಮಾಡ್ರಿ ಸಾರ್. ನಿಮ್ಮ ಕೈಯಲ್ಲೂ ಆಗ್ತೈತೋ ಇಲ್ಲೋ ನೋಡೋಣ" ಎಂದು ಕುರ್ಚಿ ಬಿಟ್ಟುಕೊಟ್ಟೆ.

ಅವರು ಕುಳಿತರು. ಬೆರಳು ಕೀಲಿಗಳ ಮೇಲೆ ಬಂದು ನಿಂತಿತು, ಆದರೆ ಇಳಿಯಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಮಾತ್ರ ಕಾಣುತ್ತಿತ್ತು. ಆಗ ಅರ್ಥವಾಯಿತು: ಬೀರುವಿನೊಳಗಿನ ಪೆಟ್ಟಿಗೆಯನ್ನು ಈ ಮನುಷ್ಯ ಒಮ್ಮೆಯೂ ಬಳಸಿಲ್ಲ. ಇವರು ಬೀಗ ಹಾಕಿದ್ದು ವಸ್ತುವಿಗಲ್ಲ, ತಮಗೆ ತಿಳಿಯದ್ದಕ್ಕೆ. ಬಸ್ಸಿನಲ್ಲಿ ಸಿದ್ಧಪಡಿಸಿದ ಭಾಷಣ ನಾಲಿಗೆಯ ತುದಿಯಲ್ಲಿತ್ತು. "ಕರೆಂಟ್ ಹೋಗೋ ಹೊತ್ತಾಯ್ತು ಸಾರ್, ನಾನೇ ಮುಗಿಸ್ತೀನಿ" ಎಂದೆ. ಅದು ದಯೆಯೋ ಪುಕ್ಕಲುತನವೋ ನನಗಿನ್ನೂ ತಿಳಿದಿಲ್ಲ.

ಶನಿವಾರ ಮಕ್ಕಳು ತಮ್ಮ ತಮ್ಮ ಹಲಗೆಗಳಿಗೆ ಬೆಸುಗೆ ಹಾಕುತ್ತಿದ್ದಾಗ ಸಾರ್ ಬಾಗಿಲಲ್ಲಿ ಕಾಣಿಸಿದರು. ಕೈಯಲ್ಲಿ ಬೀರುವಿನ ಆ ಪೆಟ್ಟಿಗೆ, ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕಿನೊಳಗೇ.

"ತಗೊಳ್ಳಿ ಮೇಡಂ. ನಾನು ವಾಲ್ವ್ ರೇಡಿಯೋ ಕಾಲದೋನು. ಇದು ಬಂದಾಗ ಯಾರೂ ಹೇಳ್ಕೊಡ್ಲಿಲ್ಲ, ಕೇಳಾಕೆ ನಾಚಿಕೆ ಆಯ್ತು."

"ಅದಿರ್ಲಿ ಸಾರ್. ಕಡ್ಲೆಬೀಜದ ಮಾತು?"

ಮಕ್ಕಳ ಕೈಗಳು ನಿಂತವು. ಅವರು ನನ್ನನ್ನಲ್ಲ, ಅಂದು ತಲೆ ತಗ್ಗಿಸಿದ್ದ ಮೂವರನ್ನು ನೋಡಿ, "ತಪ್ಪಾಯ್ತು" ಎಂದರು. "ನಂಗೂ ಇದನ್ನ ಒಂದೀಟು ತೋರಿಸ್ಕೊಡ್ರಿ."

"ಆ ಪೆಟ್ಟಿಗೆ ಅಲ್ಲಿಡ್ರಿ ಸಾರ್, ಮಕ್ಕಳು ಬಳಸ್ತಾರೆ. ನೀವು ಮಾತ್ರ ನಿಮ್ಮದನ್ನ ನೀವೇ ಕಟ್ಟಬೇಕು."

ಮುಂದಿನ ಬೆಂಚಿನ ಹುಡುಗಿಯರು ಸರಿದು ಜಾಗ ಮಾಡಿದರು. ಸಾರ್ ತೋಳು ಮಡಿಸಿ ಕುಳಿತು, ಕಾದ ಕಡ್ಡಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು ಮೊದಲನೆಯ ಬೆಸುಗೆ ಹಾಕಿ ನನ್ನತ್ತ ಚಾಚಿದರು. ಬೆಳಕಿಗೆ ಹಿಡಿದು ನೋಡಿದೆ.

"ಹಿಡಿದಿಲ್ಲ ಸಾರ್. ಬಿಚ್ಚಿ ಮತ್ತೆ ಹಾಕ್ರಿ."

ಅವರು ಬಿಚ್ಚಿದರು.