ಹನಿ ದಾಟಗೊಡದ ಜಮಾದಾರ

ನಿಜಾಮರ ಅಬಕಾರಿ ಜಮಾದಾರ ಮನ್ಮಥಪ್ಪ ಉಮರ್ಗಾದ ಸೇಂದಿ ಅಂಗಡಿಗಳ ಓಣಿಗೆ ಬಂದರೆ ಮೊದಲು ಮೂಗಿಗೆ ರುಮಾಲು, ಆಮೇಲೆ ಬಾಯಿಗೆ ಕಾಯಿದೆ. ಕುಡುಕರು ಬೀಳಲಿ ಏಳಲಿ, ಅವನಿಗೆ ಸಂಬಂಧವಿಲ್ಲ. ಒಂದಂಗಡಿಯ ಸೇಂದಿ ಪಕ್ಕದಂಗಡಿಗೆ ಹೋಗಕೂಡದು, ಅಷ್ಟೇ. "ಗಿರಾಕಿ ನಿಂತಾರ, ಬಾಜೂದವರ ಹಂತೇಲಿ ಒಂದು ಕೊಡ ಕೈಗಡ ತಗೋತೀನ್ರೀ" ಎಂದು ಅಂಗಡಿಯವ ಕೈಮುಗಿದರೆ, "ಪರವಾನಗಿ ಬರಲಿ" ಎನ್ನುತ್ತಾನೆ. ನಿಲಂಗಾದ ಕಚೇರಿಯಿಂದ ಅದು ಬರುವಷ್ಟರಲ್ಲಿ ಸೇಂದಿ ಹುಳಿತು ನಾರುತ್ತಿರುತ್ತದೆ. ಆಗ ಜಮಾದಾರನೇ ಮುಂದೆ ನಿಂತು, ಮೆರವಣಿಗೆಯ ಗತ್ತಿನಲ್ಲಿ ದಾಟಿಸುತ್ತಾನೆ. ಮನೆಯಲ್ಲಿ ಮಾತ್ರ, ತಮ್ಮನೊಡನೆ ಜಗಳಾಡಿ ತಾನೇ ಎಬ್ಬಿಸಿದ ಗೋಡೆಯ ಮೇಲಿಂದ, ಆ ಕಡೆಗುಳಿದ ತಾಯಿ ಪ್ರಯಾಗಬಾಯಿ ದಿನಾ ಒಂದು ತಂಬಿಗೆ ಮಜ್ಜಿಗೆ ಚಾಚುತ್ತಾಳೆ. "ಲಗೂ ಕುಡಿಯೋ, ನಿನ್ನ ತಮ್ಮ ಬರ್ತಾನ." ಜಮಾದಾರ ಓಣಿಯತ್ತ ಕಣ್ಣಿಟ್ಟು ಗಟಗಟ ಕುಡಿದು, ವಾಸನೆಯೂ ಉಳಿಯದಂತೆ ತಂಬಿಗೆ ತೊಳೆದು ಆಚೆ ಕೊಡುತ್ತಾನೆ.